ಪದಚರ್ಚೆ: ಕೀಫ್ರೇಮ್‌ಗೆ ‘ಕೀಲಿಚೌಕಟ್ಟು’ ಕಲಬುರಗಿ ಕಡೆ ಒಗ್ಗುತ್ತಿಲ್ಲ, ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ನಾವು ಕೆಲವರು ಸೇರಿ ರಜೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಕಂಪ್ಯೂಟರ್ ಅನಿಮೇಷನ್ ಹೇಳಿಕೊಡುತ್ತೇವೆ. ಮೊದಲು ಒಂದೊಂದೇ ಚಿತ್ರ ಬರೆದು ಓಡಿಸುವ ಪೆನ್ಸಿಲ್2ಡಿ ಸಾಫ್ಟ್‌ವೇರ್, ಅದು ಕೈಗೆ ಹತ್ತಿದ ಮೇಲೆ ಮೂರು ಆಯಾಮದ ವಸ್ತುಗಳನ್ನು ಆಡಿಸುವ ಬ್ಲೆಂಡರ್. ಎರಡೂ ಬಿಟ್ಟಿ ಸಿಗುತ್ತವೆ, ಪೆನ್ಸಿಲ್2ಡಿ ಅಂತೂ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಈಗ ಮಕ್ಕಳಿಗಾಗಿ ಒಂದು ಕನ್ನಡ ಕೈಪಿಡಿ ಬರೆಯಲು ಕೂತಿದ್ದೇವೆ. ಲೇಯರ್, ಟೈಮ್‌ಲೈನ್, ಸೇವ್ ಇವೆಲ್ಲ ಹಾಗೇ ಇರಲಿ ಅಂತ ಬಿಟ್ಟಿದ್ದೇವೆ, ಮಕ್ಕಳ ಬಾಯಲ್ಲಿ ಆಗಲೇ ಇವೆ. ಕೀಫ್ರೇಮ್ (ಅನಿಮೇಷನ್ನಿನ ಸಾಲು ಚಿತ್ರಗಳಲ್ಲಿ, ಅಂದರೆ ಫ್ರೇಮುಗಳಲ್ಲಿ, ನಾವೇ ಗೊತ್ತುಮಾಡಿ ಇಡುವಂಥದ್ದು), ಟ್ವೀನ್ (ಅವುಗಳ ನಡುವೆ ತುಂಬುವಂಥದ್ದು), ಆನಿಯನ್ ಸ್ಕಿನ್ ಹಾಗಲ್ಲ. ಕೆಲಸವೆಲ್ಲ ಇವುಗಳ ಮೇಲೇ ನಿಂತಿದೆ, ಹೆಸರು ಕೇಳಿದರೆ ಮಾತ್ರ ಮಕ್ಕಳಿಗೆ ಏನೂ ಹೊಳೆಯುವುದಿಲ್ಲ.

ಕೀಫ್ರೇಮ್‌ಗೆ ಜೊತೆಯವರೊಬ್ಬರು ‘ಕೀಲಿಚೌಕಟ್ಟು’ ಅಂದರು. ಕೀಬೋರ್ಡ್ ಕೀಲಿಮಣೆ ಆಯಿತಲ್ಲ, ಅದೇ ದಾರಿ. ಆದರೆ ನಮ್ಮಲ್ಲಿ ಕೀಲಿ ಅಂದರೆ ಬೀಗ. ಅದನ್ನು ತೆಗೆಯುವುದು ಕೀಲಿಕೈ, ಕೆಲವು ಮನೆಗಳಲ್ಲಿ ಚಾವಿ. ‘ಬಾಗಿಲಿಗೆ ಕೀಲಿ ಹಾಕಿ ಬಾ’ ಅಂತ ದಿನಾ ಕೇಳುವ ಮಕ್ಕಳಿಗೆ ‘ಇಲ್ಲಿ ಕೀಲಿ ಹಾಕು’ ಅಂದರೆ ಏನು ಮಾಡುತ್ತಾರೆ ಹೇಳಿ? ಬ್ಲೆಂಡರಿನಲ್ಲಿ ಪಕ್ಕದ ಪಟ್ಟಿ ತೆರೆದರೆ ವಸ್ತು ಎಲ್ಲಿದೆ ಅಂತ ಹೇಳುವ ಲೊಕೇಶನ್ ಅಂಕಿಗಳ ಪಕ್ಕ ಸಣ್ಣ ಬೀಗದ ಚಿತ್ರಗಳಿರುತ್ತವೆ. ಒಬ್ಬ ಹುಡುಗ ಸೀದಾ ಹೋಗಿ ಅದನ್ನೇ ಒತ್ತಿದ. ಆಮೇಲೆ ವಸ್ತು ಅಲ್ಲಾಡಲೇ ಇಲ್ಲ, ಆ ಬೀಗದ ಕೆಲಸವೇ ಅದು. ಅವನು ಸರಿಯಾಗೇ ಕೇಳಿಸಿಕೊಂಡಿದ್ದ. ಮೈಸೂರು ಕಡೆಯವರಿಗೆ ಈ ತೊಂದರೆ ಗೊತ್ತಾಗಲಿಕ್ಕಿಲ್ಲ.

‘ಮುಖ್ಯಚಿತ್ರ’ ಅನ್ನಬಹುದಲ್ವಾ ಅಂತ ನೀವು ಕೇಳಬಹುದು. ಕಾಗದದ ಮೇಲೆ ಬರೆಯುತ್ತಿದ್ದ ಕಾಲಕ್ಕೆ ಅದು ಸರಿ. ದೊಡ್ಡ ಕಲಾವಿದರು ಮುಖ್ಯ ಭಂಗಿಗಳನ್ನು ಬರೆಯುತ್ತಿದ್ದರು, ನಡುವಿನ ಚಿತ್ರಗಳನ್ನು ಸಹಾಯಕರು ತುಂಬುತ್ತಿದ್ದರು, ಕೀ ಅನ್ನುವ ಮಾತು ಬಂದದ್ದು ಅಲ್ಲಿಂದ. ಆದರೆ ಪೆನ್ಸಿಲ್2ಡಿಯಲ್ಲಿ ನೀವು ಬರೆದ ಪ್ರತಿ ಚಿತ್ರವೂ ಕೀಫ್ರೇಮೇ. ಟೈಮ್‌ಲೈನಿನಲ್ಲಿ ಒಂದು ಸಣ್ಣ ಚೌಕದ ಮನೆ ಬೀಳುತ್ತದೆ, ಮುಂದಿನ ಮನೆ ಬರುವ ತನಕ ಅದೇ ಚಿತ್ರ ನಿಲ್ಲುತ್ತದೆ. ಎಲ್ಲವೂ ಮುಖ್ಯ ಅಂದಮೇಲೆ ಮುಖ್ಯ ಯಾವುದು? ಇನ್ನು ಬ್ಲೆಂಡರಿನಲ್ಲಿ ಕೀಫ್ರೇಮ್ ಚಿತ್ರವೇ ಅಲ್ಲ. ಇಂತಿಷ್ಟನೇ ಫ್ರೇಮಿನಲ್ಲಿ ಈ ವಸ್ತು ಇಲ್ಲಿ ಇರಬೇಕು, ಇಷ್ಟು ತಿರುಗಿರಬೇಕು ಅಂತ ಬರೆದಿಟ್ಟ ಲೆಕ್ಕ ಅದು. ಒಂದೇ ಪದಕ್ಕೆ ಮೂರು ಕಡೆ ಮೂರು ಅರ್ಥ, ನಮಗೆ ಬೇಕಾದ ಕನ್ನಡ ಪದ ಮೂರೂ ಕಡೆ ನಡೆಯಬೇಕು.

ನನಗೆ ಹಿಡಿಸಿದ್ದು ‘ಗೂಟ’. ಮನೆ ಕಟ್ಟುವಾಗ ಪಾಯಕ್ಕೆ ಎರಡು ತುದಿಯಲ್ಲಿ ಗೂಟ ಹೊಡೆದು ನಡುವೆ ದಾರ ಎಳೆಯುತ್ತಾರಲ್ಲ, ಕೆಲಸ ಹೆಚ್ಚುಕಡಿಮೆ ಅದೇ. ‘ಒಂದನೇ ಫ್ರೇಮಿಗೆ ಒಂದು ಗೂಟ, 48ಕ್ಕೆ ಒಂದು ಗೂಟ’ ಅಂದರೆ ಮಕ್ಕಳು ಮತ್ತೊಮ್ಮೆ ಕೇಳುವುದಿಲ್ಲ. ಆದರೆ ಎರಡು ಅನುಮಾನ ಇವೆ. ‘ಗೂಟದ ಕಾರು’ ಅಂತ ಮಂತ್ರಿಗಳ ಕಾರಿಗೆ ಹೇಳುವ ರೂಢಿ ಇದೆ, ಕೆಲವು ಕಡೆ ಗೂಟ ಹೊಡೆಯುವುದು ಅಂದರೆ ಕೆಟ್ಟ ಅರ್ಥವೂ ಬರುತ್ತದೆ. ಪಾಠದ ಪುಸ್ತಕದಲ್ಲಿ ನೋಡಿ ಯಾರಾದರೂ ಮುಸಿಮುಸಿ ನಗುತ್ತಾರಾ? ಇನ್ನೊಂದು, ಕಾಗದದ ಅನಿಮೇಷನ್‌ನಲ್ಲಿ ಹಾಳೆಗಳು ಸರಿಯದಂತೆ ಸಿಕ್ಕಿಸುವ ಮೂರು ಮೊಳೆಯ ಪಟ್ಟಿಗೆ ಇಂಗ್ಲಿಷಿನಲ್ಲಿ ಪೆಗ್ ಬಾರ್ ಅಂತಲೇ ಹೆಸರು. ಮುಂದೆ ಯಾರಾದರೂ ಅದನ್ನೂ ಗೂಟ ಅಂದರೆ ಗೊಂದಲ. ಗೂಟ ಬೇಡವಾದರೆ ‘ಗುರುತು’ ಇದೆ. ಅದು ಎಲ್ಲೆಡೆ ನಡೆಯುತ್ತದೆ, ಆದರೆ ಸ್ವಲ್ಪ ಸಪ್ಪೆ. ಟೈಮ್‌ಲೈನಿನ ಮೇಲೆ ಮಾರ್ಕರ್ ಅಂತ ಬೇರೆಯೇ ಒಂದಿದೆ, ಅದಕ್ಕೂ ಗುರುತು ಅಂತಲೇ ಬಾಯಿಗೆ ಬರುತ್ತದೆ.

ಟ್ವೀನ್ ಸುಲಭ ಅನಿಸುತ್ತದೆ. ಇನ್‌ಬಿಟ್ವೀನ್ ಅನ್ನುವುದು ಸಣ್ಣದಾಗಿ ಟ್ವೀನ್ ಆಗಿದೆ. ನಮ್ಮ ಒಬ್ಬ ಹುಡುಗಿ ಬ್ಲೆಂಡರಿನಲ್ಲಿ ಶರಣಬಸವೇಶ್ವರ ಜಾತ್ರೆಯ ತೇರು ಮಾಡಿದಳು. ಒಂದನೇ ಫ್ರೇಮಿನಲ್ಲಿ ತೇರು ಎಡಕ್ಕೆ, ಕೀಫ್ರೇಮ್ ಇಡಲು ಕೀಲಿಮಣೆಯ ಐ ಒತ್ತಿದಳು. 48ನೇ ಫ್ರೇಮಿನಲ್ಲಿ ಬಲಕ್ಕೆ ಸರಿಸಿ ಮತ್ತೆ ಐ. ಸೆಕೆಂಡಿಗೆ 24 ಫ್ರೇಮು, ಅಂದರೆ ಎರಡು ಸೆಕೆಂಡಿನ ತೇರು. ನಡುವಿನ 46 ಫ್ರೇಮುಗಳನ್ನು ಬ್ಲೆಂಡರೇ ತುಂಬಿತು, ಅದೂ ಮೆಲ್ಲಗೆ ಶುರುವಾಗಿ, ನಡುವೆ ಜೋರಾಗಿ, ಕೊನೆಗೆ ಮತ್ತೆ ಮೆಲ್ಲಗೆ. ನಾವೇನೂ ಬದಲಿಸದಿದ್ದರೆ ಬ್ಲೆಂಡರ್ ಹೀಗೇ ತುಂಬುತ್ತದೆ, ತೇರಿಗಂತೂ ಅದು ಚೆಂದ ಒಪ್ಪಿತು. ಅವಳು ಹೇಳಿದ್ದು, ‘ಸರ್, ನಡುವಿಂದು ಅದೇ ತುಂಬಿಕೊಂತು’. ಹಾಗಾಗಿ ಕೈಯಿಂದ ಬರೆದ ನಡುವಿನ ಚಿತ್ರಕ್ಕೆ ‘ನಡುಚಿತ್ರ’, ಸಾಫ್ಟ್‌ವೇರ್ ತಾನೇ ಮಾಡುವ ಕೆಲಸಕ್ಕೆ ‘ನಡುತುಂಬು’ ಅಂತ ಇಟ್ಟಿದ್ದೇನೆ. ‘ಈ ಎರಡು ಗೂಟಗಳ ನಡುತುಂಬು ತೆಗೆದುಹಾಕು’ ಅಂತ ವಾಕ್ಯದಲ್ಲೂ ಕೂರುತ್ತದೆ. ನಿಮ್ಮ ಕಿವಿಗೆ ಹೇಗಿದೆ ಹೇಳಿ.

ಆನಿಯನ್ ಸ್ಕಿನ್ ಮಾತ್ರ ನನಗೆ ಬಗೆಹರಿದಿಲ್ಲ. ಹೊಸ ಚಿತ್ರ ಬರೆಯುವಾಗ ಹಿಂದಿನ ಚಿತ್ರ, ಮುಂದಿನ ಚಿತ್ರ ಮಸುಕಾಗಿ ಕಾಣುವ ಸೌಲಭ್ಯ ಅದು. ಪೆನ್ಸಿಲ್2ಡಿಯಲ್ಲಿ ಹಿಂದಿನದು ಕೆಂಪು ಛಾಯೆಯಲ್ಲಿ, ಮುಂದಿನದು ನೀಲಿ ಛಾಯೆಯಲ್ಲಿ ಕಾಣುತ್ತದೆ. ಆ ಹೆಸರಿನ ತೆಳು ಕಾಗದ ಒಂದಿತ್ತು, ಟೈಪ್ ಮಾಡುವಾಗ ಕಾರ್ಬನ್ ಪ್ರತಿಗೆ ಬಳಸುತ್ತಿದ್ದರು, ಆಚೆಯದು ಈಚೆ ಕಾಣುವಂಥದ್ದು. ಆ ಕಾಗದ ಕಾಣದ ಮಕ್ಕಳಿಗೆ ‘ಈರುಳ್ಳಿ ಸಿಪ್ಪೆ’ ಅಂತ ಬರೆದು ಏನು ಪ್ರಯೋಜನ? ಅದೂ ಇಲ್ಲಿ ಯಾರೂ ಈರುಳ್ಳಿ ಅನ್ನುವುದಿಲ್ಲ, ಉಳ್ಳಾಗಡ್ಡಿ ಅನ್ನುತ್ತಾರೆ. ಮಕ್ಕಳು ತಾವೇ ‘ನೆಳ್ಳು’ ಅಂತ ಶುರು ಮಾಡಿದ್ದಾರೆ, ‘ಹಿಂದಿನ ಚಿತ್ರದ ನೆಳ್ಳು ಹಾಕ್ರಿ’ ಅಂತ. ಕೇಳಲು ಚೆನ್ನಾಗಿದೆ, ಆದರೆ ಬ್ಲೆಂಡರಿಗೆ ಹೋದ ಕೂಡಲೇ ದೀಪ ಇಟ್ಟರೆ ಬೀಳುವ ನಿಜವಾದ ನೆರಳು ಎದುರಾಗುತ್ತದೆ. ‘ಪೊರೆ’ ಅನ್ನಬಹುದಾ? ಹಾವಿನ ಪೊರೆ, ಕಣ್ಣಿನ ಪೊರೆ ಎರಡರಲ್ಲೂ ತೆಳುವಾದದ್ದು ಅನ್ನುವ ಅರ್ಥ ಇದೆ. ಕಣ್ಣಿನ ಪೊರೆ ಅಂದರೆ ಕಾಣದಂತೆ ಮಾಡುವುದು, ಇಲ್ಲಿ ಬೇಕಾದದ್ದು ಕಾಣಿಸುವುದು, ಅಲ್ಲೇ ನನ್ನ ಮನಸ್ಸು ಹಿಂದೆಮುಂದೆ ನೋಡುತ್ತಿದೆ.

ಬೀದರ್, ಯಾದಗಿರಿಯವರು ತಮ್ಮ ಕಡೆ ಕೀಲಿ ಅಂದರೆ ಬೀಗವೋ ಕೀಲಿಕೈಯೋ ಅಂತ ಮೊದಲು ಬರೆಯಿರಿ. ದಕ್ಷಿಣದವರು ಗೂಟದ ಬಗ್ಗೆ ಮುಲಾಜಿಲ್ಲದೆ ಹೇಳಿ. ಕೈಪಿಡಿಯ ಮೊದಲ ಪಾಠದಲ್ಲೇ ಕೀಫ್ರೇಮ್ ಬರುತ್ತದೆ, ಹಾಗಾಗಿ ಅದೊಂದು ಮೊದಲು ತೀರ್ಮಾನವಾದರೆ ಅಚ್ಚಿಗೆ ಕೊಡಲು ಅನುಕೂಲ. ಪೊರೆಯದು ಆಮೇಲೆ ನೋಡೋಣ, ಆ ಪಾಠ ಇನ್ನೂ ಬರೆದಿಲ್ಲ.