ಅಪ್‌ಡೇಟ್: ಮರಿಗೆ ಒಣ ಆಹಾರವಾ, ಗ್ರೇವಿ ಪೌಚಾ?

ನಮ್ಮ ನಾಟಿ ನಾಯಿಮರಿಗೆ ಒಣ ಆಹಾರ ಒಳ್ಳೆಯದಾ, ಗ್ರೇವಿ ಪೌಚಾ, ಗುಣಮಟ್ಟ ನೋಡುವುದು ಹೇಗೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ತೇವಾಂಶದ ಲೆಕ್ಕ. ಒಣ ಪ್ಯಾಕೆಟ್ ಮೇಲೆ ಪ್ರೋಟೀನ್ 24%, ತೇವಾಂಶ 10% ಎಂದಿತ್ತು. ಪೌಚ್ ಮೇಲೆ ಪ್ರೋಟೀನ್ ಬರೀ 8%, ತೇವಾಂಶ 80%. ನೋಡಿದ ಕೂಡಲೇ ಪೌಚ್‌ನಲ್ಲಿ ಏನೂ ಇಲ್ಲ ಅನಿಸುತ್ತದೆ, ಅಲ್ವಾ? ನೀರು ಬಿಟ್ಟು ಲೆಕ್ಕ ಹಾಕಿ. 24ನ್ನು 90ರಿಂದ ಭಾಗಿಸಿದರೆ ಸುಮಾರು 27%. 8ನ್ನು 20ರಿಂದ ಭಾಗಿಸಿದರೆ 40%! ಅಮೆರಿಕದ ಆಫ್ಕೋ (ಪ್ರಾಣಿ ಆಹಾರ ನಿಯಂತ್ರಣ ಅಧಿಕಾರಿಗಳ ಸಂಘ, AAFCO) ಮಾನದಂಡದಲ್ಲಿ ಬೆಳೆಯುವ ಮರಿಗೆ ಹೀಗೆ ನೀರು ಬಿಟ್ಟು ಕನಿಷ್ಠ 22.5% ಇರಬೇಕು, ಬೆಳೆದ ನಾಯಿಗೆ 18%. ಎರಡೂ ಪಾಸ್.

ಆದರೆ ಪೌಚ್ ಹಿಂದೆ ಸಣ್ಣ ಅಕ್ಷರದಲ್ಲಿ 'ಪೂರಕ ಆಹಾರ' ಎಂದಿತ್ತು. ಅಂದರೆ ಅದೊಂದನ್ನೇ ದಿನಾ ಕೊಡುವಂತಿಲ್ಲ. ಮರಿಗೆ ಪ್ರೋಟೀನ್ ಮಾತ್ರ ಸಾಲದು, ಕ್ಯಾಲ್ಸಿಯಂ, ರಂಜಕವೂ ಸರಿ ಪ್ರಮಾಣದಲ್ಲಿ ಬೇಕು. ಒಣ ಪ್ಯಾಕೆಟ್ ಮೇಲೆ ಮರಿಗಳ ಬೆಳವಣಿಗೆಗೆ ಸಂಪೂರ್ಣ, ಸಮತೋಲಿತ ಎಂದಿದೆ. ನನ್ನ ಪ್ರಕಾರ ಪ್ಯಾಕೆಟ್ ಮುಂಭಾಗದ ಕೋಳಿ ಚಿತ್ರಕ್ಕಿಂತ ಈ ಸಾಲೇ ಮುಖ್ಯ.

ತೂಕದ ಕ್ರಮದಲ್ಲಿ ಬರೆಯುವ ಪದಾರ್ಥಗಳ ಪಟ್ಟಿಯಲ್ಲಿ ತಾಜಾ ಕೋಳಿ ಮೊದಲಿದ್ದರೂ ಸುಮ್ನೆ ಹಿಗ್ಗಬೇಡಿ. ಆ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ.

ಕೊನೆಗೆ ಒಣ ಆಹಾರವನ್ನೇ ಆರಿಸಿದೆವು. ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ನಿಧಾನಕ್ಕೆ ಬದಲಾಯಿಸಿದೆವು. ಈಗ ಮಲ ಗಟ್ಟಿಯಾಗಿದೆ, ತೂಕವೂ ಏರುತ್ತಿದೆ. ಪೌಚ್ ಆಗಾಗ ಒಂದೆರಡು ಚಮಚ, ಅಷ್ಟೇ.