ಸಹಾಯ ಬೇಕು: ಹಕ್ಕಿ ಗುರುತಿಸುವ ಕೈಪಿಡಿಗಳನ್ನು ಉಚಿತವಾಗಿ ಹಂಚಲು

ಆತ್ಮೀಯರೇ, ಹಲವು ವರ್ಷಗಳಿಂದ ಸಂಗ್ರಹಿಸಿದ 24 ಪಕ್ಷಿ ಕೈಪಿಡಿಗಳನ್ನು, ಪಕ್ಷಿವೀಕ್ಷಣೆಯಲ್ಲಿ ಹೊಸದಾಗಿ ಆಸಕ್ತಿ ತಳೆದಿರುವವರಿಗೆ ಉಚಿತವಾಗಿ ಕೊಡಬೇಕೆಂದಿದ್ದೇನೆ. ಈ ಕೆಲಸದಲ್ಲಿ ನಿಮ್ಮ ನೆರವನ್ನು ಕೋರುತ್ತೇನೆ.

ಮೊಬೈಲ್ ಆ್ಯಪ್ ಇರುವಾಗ ಪುಸ್ತಕವೇಕೆ ಎಂದು ಕೆಲವರು ಕೇಳುವುದುಂಟು. ಆ್ಯಪ್ ಹೆಸರನ್ನು ಹೇಳುತ್ತದೆ ನಿಜ, ಆದರೆ ಒಂದನ್ನೊಂದು ಹೋಲುವ ಹಕ್ಕಿಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ತೋರಿಸುವ ಕೈಪಿಡಿಯು ನೋಡುವ ಬಗೆಯನ್ನೇ ಕಲಿಸುತ್ತದೆ. ವುಡ್ ಸ್ಯಾಂಡ್‌ಪೈಪರ್ ಮತ್ತು ಗ್ರೀನ್ ಸ್ಯಾಂಡ್‌ಪೈಪರ್‌ ಎಂಬ ನೀರಿನಂಚಿನ ಹಕ್ಕಿಗಳನ್ನು ನಾನು ಬಹುಕಾಲ ಒಂದೇ ಎಂದು ತಿಳಿದಿದ್ದೆ. ಮೊದಲನೆಯದರ ಬಿಳಿ ಹುಬ್ಬು, ಅಂದರೆ ಕಣ್ಣಿನ ಮೇಲಿನ ಬಿಳಿ ಪಟ್ಟೆ, ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿರುತ್ತದೆ, ಎರಡನೆಯದರದು ಕಣ್ಣಿನ ಬಳಿಯೇ ನಿಂತುಬಿಡುತ್ತದೆ, ಹಾರುವಾಗ ಅದರ ರೆಕ್ಕೆಯ ಅಡಿಭಾಗ ಕಪ್ಪಾಗಿ ಕಾಣುತ್ತದೆ ಎಂಬುದು ಮನದಟ್ಟಾದದ್ದು, ಕೆಸರಿನ ಅಂಚಿನಲ್ಲಿ ಕುಳಿತು ಚಿತ್ರಪುಟವನ್ನೂ ಹಕ್ಕಿಯನ್ನೂ ಸರದಿಯಂತೆ ನೋಡಿದಾಗಲೇ.

ಈಗ ಬೇಕಾಗಿರುವ ಸಹಾಯವನ್ನು ತಿಳಿಸುತ್ತೇನೆ. ಇವುಗಳಲ್ಲಿ ಹಲವು ಹಳೆಯ ಆವೃತ್ತಿಗಳಾಗಿದ್ದು, ಅವುಗಳಲ್ಲಿರುವ ಕೆಲವು ಹೆಸರುಗಳು ಬದಲಾಗಿವೆ. ಉದಾಹರಣೆಗೆ, ಸ್ಟ್ರೆಪ್ಟೊಪೀಲಿಯ ಕುಲದಲ್ಲಿದ್ದ (ಕುಲವೆಂದರೆ ಹತ್ತಿರದ ಸಂಬಂಧವುಳ್ಳ ಪ್ರಭೇದಗಳ ಗುಂಪು; ವೈಜ್ಞಾನಿಕ ಹೆಸರಿನ ಮೊದಲ ಪದ) ಚುಕ್ಕೆ ಬೆಳವವನ್ನು ಈಗ ಸ್ಪಿಲೊಪೀಲಿಯ ಕುಲಕ್ಕೆ ಸೇರಿಸಲಾಗಿದೆ. ಇಂತಹ ಬದಲಾವಣೆಗಳನ್ನು ಪಟ್ಟಿಮಾಡಿ ಪ್ರತಿ ಪುಸ್ತಕದೊಳಗೆ ಒಂದು ಚೀಟಿ ಇಡಲು, ವರ್ಗೀಕರಣವನ್ನು ಬಲ್ಲ ಇಬ್ಬರು ಬೇಕಾಗಿದ್ದಾರೆ. ಹಾಗೆಯೇ, ಸ್ವಂತ ಕೈಪಿಡಿ ಇಲ್ಲದೆಯೂ ನಿಯಮಿತವಾಗಿ ಹಕ್ಕಿ ನೋಡಲು ಹೋಗುವವರು, ಅದರಲ್ಲೂ ವಿದ್ಯಾರ್ಥಿಗಳು, ನಿಮಗೆ ಪರಿಚಿತರಿದ್ದರೆ ಅವರ ಒಪ್ಪಿಗೆ ಪಡೆದು ನನಗೆ ಖಾಸಗಿಯಾಗಿ ತಿಳಿಸಿ. ಕಪಾಟಿನಲ್ಲಿಟ್ಟು ಮರೆಯುವವರಿಗೆ ಇವು ಹೋಗಬಾರದೆಂಬುದು ನನ್ನ ಕಳಕಳಿಯ ವಿನಂತಿ. ಪುಟಗಳ ಅಂಚಿನಲ್ಲಿ ನಾನು ಪೆನ್ಸಿಲ್ಲಿನಿಂದ ಬರೆದ ಟಿಪ್ಪಣಿಗಳಿವೆ; ಬೇಡವೆನ್ನುವವರು ಅವುಗಳನ್ನು ಅಳಿಸಿಕೊಳ್ಳಬಹುದು.