ಕೆಲಸಕ್ಕೆ ಬರ್ತಾರೆ, ನಿರ್ಧಾರಕ್ಕೆ ಬರಲ್ಲ: ಪೋಷಕರ ವಿಚಾರದಲ್ಲಿ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಶಿಕ್ಷಕಿ. ನಮ್ಮ ಶಾಲೆ ಮತ್ತು ಸುತ್ತಲಿನ ಜನರ ನಡುವೆ ಒಡನಾಟ ಬೆಳೆಸೋ ಜವಾಬ್ದಾರಿ ನನ್ನದು. ಇಷ್ಟಪಟ್ಟೇ ಒಪ್ಕೊಂಡಿದ್ದು, ಆದರೆ ಈಗ ಮುಂದೆ ದಾರಿ ಕಾಣ್ತಿಲ್ಲ.

ಅಮೆರಿಕದ ಸಂಶೋಧಕಿ ಜಾಯ್ಸ್ ಎಪ್‌ಸ್ಟೀನ್ ಶಾಲೆಯ ಕೆಲಸದಲ್ಲಿ ಪೋಷಕರ, ಸಮುದಾಯದ ಪಾಲ್ಗೊಳ್ಳುವಿಕೆಯನ್ನ 6 ಬಗೆಯಾಗಿ ವಿಂಗಡಿಸಿದ್ದಾರೆ. ಮಕ್ಕಳ ಪಾಲನೆ, ಸಂವಹನ, ಸ್ವಯಂಸೇವೆ, ಮನೆಯಲ್ಲಿ ಕಲಿಕೆ, ನಿರ್ಧಾರದಲ್ಲಿ ಪಾಲು, ಸಮುದಾಯದ ಜೊತೆ ಸಹಯೋಗ. ಅದನ್ನೇ ಹಿಡ್ಕೊಂಡು ಹೊರಟೆ. ಸ್ವಯಂಸೇವೆಗೆ ಜನ ಖುಷಿಯಿಂದ ಬರ್ತಾರೆ. ಕಸುಬು ಗೊತ್ತಿರೋ ಹಿರಿಯರು ಮಕ್ಕಳಿಗೆ ಕಲಿಸಿದ್ದಾರೆ, ಆ ತರಗತಿಗಳ ಕಳೆಯೇ ಬೇರೆ!

ಸಿಕ್ಕಿಹಾಕ್ಕೊಂಡಿರೋದು ನಿರ್ಧಾರದ ವಿಷಯದಲ್ಲಿ. ಸಭೆಗೆ ಬರೋದು ಅದೇ ನಾಲ್ಕಾರು ಮಂದಿ. ಉಳಿದವರು ಬಂದ್ರೂ "ನೀವು ಹೇಳಿದ ಹಾಗೆ ಆಗಲಿ ಮೇಡಂ" ಅಂತ ಸುಮ್ಮನಾಗ್ತಾರೆ. ಸಭೆಯ ಹೊತ್ತು ಬದಲಾಯಿಸಿ ನೋಡಿದೆ, ಮನೆಗಳಿಗೂ ಹೋಗಿ ಮಾತಾಡಿದೆ. ಮನೆಯಲ್ಲಿ ಮನಬಿಚ್ಚಿ ಹೇಳೋರು ಸಭೆಯಲ್ಲಿ ಬಾಯೇ ಬಿಡಲ್ಲ. ಇತ್ತ ಕೆಲವು ಸಹೋದ್ಯೋಗಿಗಳಿಗೆ, ಪೋಷಕರಿಗೆ ಅಧಿಕಾರ ಕೊಟ್ರೆ ಪಾಠದಲ್ಲೂ ಕೈ ಹಾಕ್ತಾರೆ ಅನ್ನೋ ಅಳುಕು. ಅವರ ಆತಂಕವನ್ನ ತಳ್ಳಿಹಾಕೋಕೂ ಆಗಲ್ಲ.

ಗ್ರಂಥಾಲಯಕ್ಕೆ ಯಾವ ಪುಸ್ತಕ ತರಬೇಕು ಅನ್ನೋ ಥರದ ಒಂದು ನಿಜವಾದ ತೀರ್ಮಾನವನ್ನ ಈಗಲೇ ಪೋಷಕರ ಕೈಗೆ ಕೊಟ್ಟುಬಿಡಬೇಕಾ, ಇಲ್ಲಾ ಮೊದಲು ಸಣ್ಣ ಗುಂಪುಗಳಲ್ಲಿ ಮಾತಾಡಿಸಿ ವಿಶ್ವಾಸ ಗಳಿಸಬೇಕಾ? ಮಾಡಿ ನೋಡಿದವರು ಯಾವುದರಿಂದ ಶುರು ಮಾಡಿದ್ರಿ, ಶಿಕ್ಷಕರನ್ನ ಹೇಗೆ ಒಪ್ಪಿಸಿದ್ರಿ, ದಯವಿಟ್ಟು ತಿಳಿಸಿ.